ಕ್ಯಾಬಿನೆಟ್ ಬಾಗಿಲಿನ ಕೈಬರಹ

ಪೀಣ್ಯದ ಗುಜರಿ ಅಂಗಡಿಗಳ ಮುಂದೆ ಈಚೆಗೆ ಒಂದು ಬಗೆಯ ಸಾಮಾನು ಕಣ್ಣಿಗೆ ಬೀಳುತ್ತದೆ. ಆಳೆತ್ತರದ ತಗಡಿನ ಕ್ಯಾಬಿನೆಟ್ಟು, ಒಳಗೆ ಸಾಲಾಗಿ ಹಸಿರು ಕಾರ್ಡುಗಳು, ಕಿತ್ತ ವೈರುಗಳ ಗೊಂಚಲು, ಒಂಬತ್ತು ಇಂಚಿನ ದಪ್ಪ ಗಾಜಿನ ಪರದೆ. 1980ರ ದಶಕದ ಸಿಎನ್‌ಸಿ ಮಷೀನುಗಳ ಕಂಟ್ರೋಲ್ ಅದು. ಮಷೀನು ಅಲ್ಲೇ ಹತ್ತಿರದ ಯಾವುದೋ ಶೆಡ್ಡಿನಲ್ಲಿ ಇನ್ನೂ ಕಬ್ಬಿಣ ಕಡಿಯುತ್ತಿರುತ್ತದೆ, ಕಂಟ್ರೋಲನ್ನು ಮಾತ್ರ ಕಳಚಿ ತೂಕಕ್ಕೆ ಹಾಕಿರುತ್ತಾರೆ. ಅದರ ಜಾಗಕ್ಕೆ ಸಾಧಾರಣ ಕಂಪ್ಯೂಟರೊಂದು, ಅಂಗೈಯಗಲದ ಕಾರ್ಡೊಂದು, ಜೊತೆಗೆ ದುಡ್ಡು ಕೊಡದೆ ಸಿಗುವ ಲಿನಕ್ಸ್‌ಸಿಎನ್‌ಸಿ ಎಂಬ ಸಾಫ್ಟ್‌ವೇರ್ ಬಂದು ಕೂತಿರುತ್ತವೆ. ರೆಟ್ರೋಫಿಟ್ ಅನ್ನುತ್ತಾರೆ. ಮಷೀನು ಉಳಿಯಿತಲ್ಲ ಎಂದು ಸಂತೋಷಪಡುವವರಲ್ಲಿ ನಾನೂ ಒಬ್ಬ. ನನ್ನ ತಕರಾರು ಇರುವುದು ಆ ಕ್ಯಾಬಿನೆಟ್ಟಿನ ಜೊತೆಗೇ ತೂಕಕ್ಕೆ ಹೋಗುವ ಇನ್ನೊಂದರ ಬಗ್ಗೆ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಬೆಳೆದದ್ದು ಜಾಲಹಳ್ಳಿಯ ಎಚ್‌ಎಂಟಿ ಕಾಲೊನಿಯಲ್ಲಿ. ದೇಶದವರಿಗೆಲ್ಲ ಎಚ್‌ಎಂಟಿ ಎಂದರೆ ಕೈಗಡಿಯಾರ. ನಮಗೆ ಮೊದಲು ಲೇತು, ಆಮೇಲೆ ಗಡಿಯಾರ. 1953ರಲ್ಲಿ ಶುರುವಾದ ಕಾರ್ಖಾನೆ ಅದು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಾಯದಿಂದ ಮೊದಲು ಮಾಡಿದ್ದು ಲೇತನ್ನೇ. ಗಡಿಯಾರದ ಕೆಲಸ ಬಂದದ್ದು 1961ರ ಹೊತ್ತಿಗೆ. ನಾನು ಕಣ್ಣುಬಿಡುವಾಗ ಇವೆಲ್ಲ ಹಳೆಯ ಮಾತುಗಳಾಗಿದ್ದವು. ಸೈರನ್ ಕೂಗಿದರೆ ಸಾಕು, ಕಾಲೊನಿಯ ರಸ್ತೆ ತುಂಬ ಸೈಕಲ್ಲುಗಳು. ಒಂದೇ ಬಣ್ಣದ ಶರ್ಟುಗಳ ನಡುವೆ ನಮ್ಮ ನಮ್ಮ ಅಪ್ಪಂದಿರನ್ನು ನಾವು ಮುಖ ನೋಡುವ ಮೊದಲೇ ಸೈಕಲ್ಲಿನ ಬೆಲ್ಲಿನಿಂದ ಗುರುತಿಸುತ್ತಿದ್ದೆವು. ಅಪ್ಪನ ಶರ್ಟಿನಲ್ಲಿ ಕೂಲೆಂಟಿನ ವಾಸನೆ ಇರುತ್ತಿತ್ತು. ಅಮ್ಮ ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ, ಒಂಥರಾ ಹಾಲೂ ಎಣ್ಣೆಯೂ ಬೆರೆತ ವಾಸನೆ. ಈಗಲೂ ಯಾವುದಾದರೂ ಶಾಪಿನ ಬಾಗಿಲಲ್ಲಿ ಆ ವಾಸನೆ ಬಂದರೆ ನನಗೆ ಸಂಜೆ ಆರು ಗಂಟೆಯಾದ ಹಾಗೆ ಅನ್ನಿಸುತ್ತದೆ.

ಅಪ್ಪ ಕೆಲಸ ಮಾಡುತ್ತಿದ್ದದ್ದು ಎನ್‌ಸಿ ಮಷೀನುಗಳ ವಿಭಾಗದಲ್ಲಿ. ಆಗ ಅದರಲ್ಲಿ ‘ಸಿ’ ಒಂದೇ, ಕಂಪ್ಯೂಟರಿನ ‘ಸಿ’ ಇನ್ನೂ ಸೇರಿರಲಿಲ್ಲ. ಮಷೀನಿಗೆ ಏನು ಮಾಡಬೇಕೆಂದು ಹೇಳುತ್ತಿದ್ದದ್ದು ತೂತು ಹೊಡೆದ ಕಾಗದದ ಟೇಪು. ಒಂದಿಂಚು ಅಗಲ, ಉದ್ದಕ್ಕೆ ಲೆಕ್ಕವಿಲ್ಲ. ಹಳತಾಗಿ ಅಂಚು ಹರಿದ ಟೇಪುಗಳನ್ನು ಅಪ್ಪ ಮನೆಗೆ ತರುತ್ತಿದ್ದರು. ನಮ್ಮ ಪಠ್ಯಪುಸ್ತಕಗಳಲ್ಲಿ ಪುಟದ ಗುರುತಿಗೆ ಅದೇ, ಗಣೇಶನ ಮಂಟಪದ ಸುತ್ತ ಇಳಿಬಿಡಲು ಅದೇ, ತಂಗಿಯ ಜಡೆಗೆ ರಿಬ್ಬನ್ ಸಿಗದ ದಿನ ಅದೂ ಆಯಿತು. ಪಂಚಿಂಗ್ ಮಷೀನಿನ ಡಬ್ಬಿಯಲ್ಲಿ ಉದುರಿದ ಕಾಗದದ ಚುಕ್ಕಿಗಳನ್ನು ಅಪ್ಪ ಟಿಫಿನ್ ಡಬ್ಬಿಯ ಮೇಲಿನ ಖಾನೆಯಲ್ಲಿ ತುಂಬಿ ತಂದರೆ, ನಾವು ಅವನ್ನು ಮದುವೆಮನೆಗಳಲ್ಲಿ ಅಕ್ಷತೆಯ ಜೊತೆ ಸೇರಿಸಿ ಎರಚಿ ಬೈಸಿಕೊಳ್ಳುತ್ತಿದ್ದೆವು. ಎಣ್ಣೆ ಸೋಕಿದ ಚುಕ್ಕಿ ರೇಷ್ಮೆ ಸೀರೆಗೆ ಅಂಟಿದರೆ ಬೈಯದೆ ಇರುತ್ತಾರೆಯೇ?

ಭಾನುವಾರಗಳಲ್ಲಿ ಅಪ್ಪ ಟೇಪನ್ನು ಕಿಟಕಿಯ ಬೆಳಕಿಗೆ ಹಿಡಿದು ಓದುವುದನ್ನು ಹೇಳಿಕೊಡುತ್ತಿದ್ದರು. ಉದ್ದಕ್ಕೂ ಎಂಟು ಸಾಲು. ಮೂರನೆಯದರ ಮತ್ತು ನಾಲ್ಕನೆಯದರ ನಡುವೆ ಸಣ್ಣ ತೂತುಗಳ ಇನ್ನೊಂದು ಸಾಲು ಇರುತ್ತಿತ್ತು. ಅದು ಟೇಪನ್ನು ಎಳೆಯುವ ಹಲ್ಲಿನ ಚಕ್ರಕ್ಕೆ ಮಾತ್ರ, ಅದರಲ್ಲಿ ಅಕ್ಷರ ಇಲ್ಲ. ಮೊದಲ ನಾಲ್ಕು ಸಾಲುಗಳ ಬೆಲೆ ಒಂದು, ಎರಡು, ನಾಲ್ಕು, ಎಂಟು. ಒಂದು ಮತ್ತು ಎರಡು ಸೇರಿದರೆ ಮೂರು. ಆದರೆ ಅಪ್ಪನ ಮಷೀನು ಓದುತ್ತಿದ್ದ ಇಐಎ ಕೋಡಿನಲ್ಲಿ ಅಡ್ಡಲಾಗಿ ಎಣಿಸಿದರೆ ತೂತುಗಳು ಯಾವಾಗಲೂ ಬೆಸವಾಗಿಯೇ ಇರಬೇಕು. ಮೂರಕ್ಕೆ ಎರಡೇ ತೂತು ಬಂತಲ್ಲ, ಅದಕ್ಕೆ ಐದನೇ ಸಾಲಿನಲ್ಲಿ ಒಂದು ಹೆಚ್ಚಿಗೆ ಹೊಡೆಯುತ್ತಿದ್ದರು. ಎಂಟನೇ ಸಾಲಿನಲ್ಲಿ ಒಂಟಿ ತೂತು ಕಂಡರೆ ಬ್ಲಾಕ್, ಅಂದರೆ ಆಜ್ಞೆಯ ಒಂದು ಸಾಲು, ಮುಗಿಯಿತು ಎಂದು ಅರ್ಥ. ಎಲ್ಲೋ ಟೇಪು ಹರಿದು ಒಂದು ತೂತು ಹೆಚ್ಚಾಗಿದ್ದರೆ, ಟೇಪು ಓದುವ ಮಷೀನು ಲೆಕ್ಕ ಸಮವಾಯಿತೆಂದು ನಿಂತುಬಿಡುತ್ತಿತ್ತು. ಶಾಲೆಯಲ್ಲಿ ಯಾರೂ ಬೈನರಿ ಎಂಬ ಹೆಸರೆತ್ತುವ ಮೊದಲೇ ಕಾಲೊನಿಯ ಅರ್ಧ ಹುಡುಗರಿಗೆ ಬೈನರಿ ಬರುತ್ತಿತ್ತು. ಅದೊಂದು ವಿದ್ಯೆ ಎಂಬುದು ಮಾತ್ರ ನಮಗೆ ಗೊತ್ತಿರಲಿಲ್ಲ.

ಈ ಟೇಪಿನ ಕಥೆ ಅಮೆರಿಕದ್ದು. ಮಿಚಿಗನ್ನಿನ ಜಾನ್ ಪಾರ್ಸನ್ಸ್ ಹೆಲಿಕಾಪ್ಟರಿನ ರೆಕ್ಕೆಗಳನ್ನು ಮಾಡುವಾಗ ಹೊಳೆದ ಯೋಚನೆಯನ್ನು ಎಂಐಟಿಯವರು ವಾಯುಪಡೆಯ ದುಡ್ಡಿನಲ್ಲಿ ಬೆಳೆಸಿ, 1952ರಲ್ಲಿ ಒಂದು ಸಿನ್ಸಿನಾಟಿ ಮಿಲ್ಲಿಂಗ್ ಮಷೀನನ್ನು ಟೇಪಿನಿಂದ ನಡೆಸಿ ತೋರಿಸಿದರು. ಆ ಮಷೀನಿನ ಮೈ ಹಳೆಯದು, ಕಂಟ್ರೋಲ್ ಮಾತ್ರ ಹೊಸದು. ಅಂದರೆ ಲೋಕದ ಮೊದಲ ಎನ್‌ಸಿ ಮಷೀನು ಕೂಡ ಒಂದು ರೆಟ್ರೋಫಿಟ್ಟೇ. ನಮ್ಮ ಶಾಪಿನ ಹುಡುಗರಿಗೆ ಇದನ್ನು ಹೇಳಿದರೆ ಖುಷಿಪಡುತ್ತಾರೆ.

ಡಿಪ್ಲೊಮಾ ಮುಗಿಸಿ ನಾನು ಸೇರಿದ್ದು ಪೀಣ್ಯದ ಒಂದು ಪುಟ್ಟ ಶಾಪಿಗೆ. 1970ರ ದಶಕದ ಕೊನೆಯಿಂದ ತುಂಬಿಕೊಳ್ಳುತ್ತಾ ಬಂದ ಪ್ರದೇಶ ಅದು. ಗಲ್ಲಿಗೊಂದು ಲೇತು, ಮೂಲೆಗೊಂದು ಹೀಟ್ ಟ್ರೀಟ್‌ಮೆಂಟು, ನಡುವೆ ಇಡ್ಲಿ ವಡೆ ಗಾಡಿ. ನಮ್ಮಲ್ಲಿದ್ದದ್ದು ಸೆಕೆಂಡ್ ಹ್ಯಾಂಡಿನಲ್ಲಿ ತಂದ ಒಂದು ಜಪಾನಿ ಮಷೀನಿಂಗ್ ಸೆಂಟರ್, ಅದಕ್ಕೆ ಫ್ಯಾನುಕ್ ಆರನೇ ಸರಣಿಯ ಕಂಟ್ರೋಲು. ಟೇಪ್ ರೀಡರ್ ಇನ್ನೂ ಇತ್ತು, ಆದರೆ ಪ್ರೋಗ್ರಾಮು ಬಬಲ್ ಮೆಮೊರಿಯಲ್ಲಿ ಉಳಿಯುತ್ತಿತ್ತು. ಆ ಮೆಮೊರಿಯ ಲೆಕ್ಕವನ್ನು ಕೇಳಿದರೆ ಇಂದಿನವರು ನಗುತ್ತಾರೆ. ಬಟ್ಟೆ ಅಂಗಡಿಯಲ್ಲಿ ಅಳೆದು ಕೊಟ್ಟಂತೆ ಮೀಟರಿನಲ್ಲಿ ಹೇಳುತ್ತಿದ್ದರು. ಎಂಬತ್ತು ಮೀಟರ್ ಮೆಮೊರಿ ಎಂದರೆ ಎಂಬತ್ತು ಮೀಟರ್ ಟೇಪಿನಲ್ಲಿ ಹಿಡಿಸುವಷ್ಟು. ಇಂಚಿಗೆ ಹತ್ತು ಅಕ್ಷರದಂತೆ ಲೆಕ್ಕ ಹಾಕಿದರೆ ಸುಮಾರು ಮೂವತ್ತೆರಡು ಕಿಲೋಬೈಟು. ಈಗ ಫೋನಿನಲ್ಲಿ ಬರುವ ಒಂದು ಶುಭೋದಯದ ಹೂವಿನ ಚಿತ್ರ ಅದರಲ್ಲಿ ಹಿಡಿಸುವುದಿಲ್ಲ. ಆ ಮೂವತ್ತೆರಡರಲ್ಲಿ ನಾವು ಗೇರ್‌ಬಾಕ್ಸಿನ ಹೌಸಿಂಗುಗಳನ್ನು ಮಾಡಿ ಕಳಿಸಿದ್ದೇವೆ. ಜಾಗ ಉಳಿಸಲೆಂದು ಒಂದೊಂದು ಅಕ್ಷರವನ್ನೂ ತೂಗಿ ಬರೆಯುತ್ತಿದ್ದೆವು. ಸೊನ್ನೆ ಬಿಟ್ಟರೆ ನಡೆಯುತ್ತದೆಯೇ, ಸಬ್‌ಪ್ರೋಗ್ರಾಮಿಗೆ ತಿರುಗಿಸಬಹುದೇ ಎಂದು ಚಹಾ ಕುಡಿಯುತ್ತಲೂ ಅದೇ ಮಾತು. ಈಗ ಸಾಫ್ಟ್‌ವೇರೇ ಉಗುಳುವ ಲಕ್ಷ ಸಾಲಿನ ಪ್ರೋಗ್ರಾಮನ್ನು ಯಾರೂ ಓದುವುದಿಲ್ಲ. ಓದಬೇಕಾದ ಅಗತ್ಯವೂ ಇಲ್ಲ ಅನ್ನಿ.

ಬೆಳಿಗ್ಗೆ ಪವರ್ ಕೊಟ್ಟರೆ ಕ್ಯಾಬಿನೆಟ್ಟಿನ ಫ್ಯಾನು ಮೊದಲು ಗುಂಯ್‌ಗುಟ್ಟುತ್ತಿತ್ತು, ಆಮೇಲೆ ಕಾಂಟ್ಯಾಕ್ಟರ್ ‘ಧಡ್’ ಎನ್ನುತ್ತಿತ್ತು, ಪರದೆಯ ಮೇಲೆ ಹಸಿರು ಅಕ್ಷರಗಳು ನಿಧಾನವಾಗಿ ಕಣ್ಣು ಬಿಡುತ್ತಿದ್ದವು. ಆ ನಿಧಾನದಲ್ಲಿ ಟೇಬಲ್ಲು ಒರೆಸುವುದು, ಆಯಿಲ್ ಮಟ್ಟ ನೋಡುವುದು, ಪಪ್ಪಿ ಡಯಲ್ಲನ್ನು ಡಬ್ಬಿಯಿಂದ ತೆಗೆದಿಡುವುದು ಎಲ್ಲ ಮುಗಿಯುತ್ತಿತ್ತು. ಡಿಸಿ ಸರ್ವೋ ಮೋಟರುಗಳಿಗೆ ಕಾರ್ಬನ್ ಬ್ರಷ್ಷುಗಳು ಇರುತ್ತಿದ್ದವು. ಸವೆಯುತ್ತವೆ ಎಂದು ಆಗಾಗ ಮೋಟರು ಬಿಚ್ಚಿ, ಕರಿ ಪುಡಿ ಊದಿ, ಬ್ರಷ್ಷಿನ ಉದ್ದ ಅಳೆಯಬೇಕಿತ್ತು. ಬೇಸರದ ಕೆಲಸ, ಮೂಗಿನ ತುಂಬ ಮಸಿ. ಆದರೆ ಆ ನೆಪದಲ್ಲಿ ಮಷೀನಿನ ಹೊಟ್ಟೆಯೊಳಗೆ ಒಬ್ಬ ಮನುಷ್ಯ ತಲೆ ಹಾಕುತ್ತಿದ್ದ. ಕಪ್ಲಿಂಗ್ ಸಡಿಲವಾಗಿದೆಯೇ, ಬಾಲ್ ಸ್ಕ್ರೂವಿಗೆ ಎಣ್ಣೆ ಹೋಗುತ್ತಿದೆಯೇ ಎಂದು ಅವನ ಕಣ್ಣಿಗೆ ಬೀಳುತ್ತಿತ್ತು. ಎಸಿ ಸರ್ವೋಗಳಿಗೆ ಬ್ರಷ್ಷೇ ಇಲ್ಲ. ಒಳ್ಳೆಯದಾಯಿತು. ಹಾಗೆಂದೇ ಕವರನ್ನು ಯಾರೂ ತೆಗೆಯುವುದಿಲ್ಲ.

ನಮ್ಮ ಮೇಂಟೆನೆನ್ಸ್ ನೋಡಿಕೊಳ್ಳುತ್ತಿದ್ದ ಹಿರಿಯರನ್ನು ಓನರಿನಿಂದ ಹಿಡಿದು ಕಸ ಗುಡಿಸುವವನವರೆಗೆ ಎಲ್ಲರೂ ಮೇಷ್ಟ್ರೇ ಎಂದು ಕರೆಯುತ್ತಿದ್ದೆವು. ಯಾವ ಶಾಲೆಯಲ್ಲೂ ಅವರು ಪಾಠ ಮಾಡಿದವರಲ್ಲ. ಕಿವಿಯ ಹಿಂದೆ ಪೆನ್ಸಿಲ್, ಕಿಸೆಯಲ್ಲಿ ಟೆಸ್ಟರ್, ಬಾಯಲ್ಲಿ ಎಲೆ ಅಡಿಕೆ. ಕ್ಯಾಬಿನೆಟ್ಟಿನ ಬಾಗಿಲು ತೆರೆದರೆ ಅದರ ಒಳಮೈ ತುಂಬ ಅವರ ಬರಹವೇ. ಪ್ಯಾರಾಮೀಟರುಗಳ ಅಚ್ಚಾದ ಪಟ್ಟಿ ಅಂಟಿಸಿದ್ದರು. ಆ ಅಚ್ಚಿನ ಮೇಲೆ ಗೀಟು ಹೊಡೆದು, ಪಕ್ಕದಲ್ಲಿ ಹೊಸ ಸಂಖ್ಯೆ, ಅದರ ಕೆಳಗೆ ತಾರೀಖು, ಕಾರಣ. ವೈ ಆಕ್ಸಿಸ್ಸಿನ ಬ್ಯಾಕ್‌ಲ್ಯಾಶ್ ಇಂತಿಷ್ಟು ಮೈಕ್ರಾನ್ ಇದ್ದದ್ದು ಇಷ್ಟಾಯಿತು, ನಟ್ ಸವೆದಿದೆ. ಮೂರು ಬಣ್ಣದ ಇಂಕಿನಲ್ಲಿ, ವರ್ಷಗಟ್ಟಲೆ. ಬಾಲ್ ಸ್ಕ್ರೂ ಸವೆಯುತ್ತಾ ಬಂದ ಇಡೀ ಚರಿತ್ರೆಯನ್ನು ಆ ಬಾಗಿಲಲ್ಲಿ ನಿಂತು ಓದಬಹುದಿತ್ತು.

ಕಾರ್ಡುಗಳ ಮೇಲೆ ಈಪ್ರಾಮ್ ಎಂಬ ಚಿಪ್ಪುಗಳಿದ್ದವು. ಟೂಲ್ ಬದಲಾಯಿಸುವ ತೋಳು ಯಾವಾಗ ಏಳಬೇಕು, ಯಾವಾಗ ತಿರುಗಬೇಕು ಎಂಬ ಲ್ಯಾಡರ್ ಲಾಜಿಕ್ಕೆಲ್ಲ ಅವುಗಳ ಒಳಗೆ. ಅಲ್ಟ್ರಾವಯಲೆಟ್ ಬೆಳಕು ಬಿದ್ದರೆ ಅಳಿಸಿಹೋಗುತ್ತದೆಂದು ಚಿಪ್ಪಿನ ಗಾಜಿನ ಕಿಂಡಿಗೆ ಕಾಗದ ಅಂಟಿಸಿರುತ್ತಾರೆ. ಆ ಉಗುರಗಲದ ಕಾಗದದ ಮೇಲೂ ಯಾವನೋ ಜಪಾನಿ ಇಂಜಿನಿಯರನ ಕೈಬರಹದಲ್ಲಿ ತಾರೀಖು. ಬಾಗಿಲ ಕಿಸೆಯಲ್ಲಿದ್ದ ಎಲೆಕ್ಟ್ರಿಕಲ್ ಡ್ರಾಯಿಂಗಿನ ಅಂಚುಗಳಲ್ಲಂತೂ ಎಣ್ಣೆ ಕಲೆಯ ನಡುವೆ ಮೇಷ್ಟ್ರ ಪೆನ್ಸಿಲ್ ಟಿಪ್ಪಣಿ. ಅರ್ಧ ಕನ್ನಡ, ಅರ್ಧ ಇಂಗ್ಲಿಷು, ಕೆಲವು ಕಡೆ ಬರೀ ಬಾಣದ ಗುರುತು.

ಆಯುಧಪೂಜೆಗೆ ಆ ಬಾಗಿಲಿಗೂ ಅರಿಶಿನ ಕುಂಕುಮ ಆಗುತ್ತಿತ್ತು. ಟೇಬಲ್ಲಿನ ಮೇಲೆ ವರ್ನಿಯರ್, ಮೈಕ್ರೋಮೀಟರ್, ಸ್ಪ್ಯಾನರ್ ಸೆಟ್ಟು ಜೋಡಿಸಿ, ಸ್ಪಿಂಡಲ್ಲಿಗೆ ಚೆಂಡು ಹೂವಿನ ಹಾರ ಹಾಕಿ, ಗೇಟಿನಲ್ಲಿ ಬೂದುಗುಂಬಳ ಒಡೆದು, ಪುರಿ ಕಡ್ಲೆ ಪೊಟ್ಟಣ ಹಂಚಿಕೊಂಡು ಮನೆಗೆ ಹೋಗುವುದು. ಪ್ಯಾರಾಮೀಟರ್ ಪಟ್ಟಿಯ ಒಂದು ಸಂಖ್ಯೆ ಕುಂಕುಮದಲ್ಲಿ ಮುಚ್ಚಿಹೋಗಿ, ಅದು ಮೂರೋ ಎಂಟೋ ಎಂದು ಮೇಷ್ಟ್ರು ಒಂದು ಮಧ್ಯಾಹ್ನವಿಡೀ ಪೂಜೆ ಮಾಡಿದವನನ್ನು ಬೈದದ್ದು ನೆನಪಿದೆ. ಈಗ ಟಚ್ ಸ್ಕ್ರೀನಿಗೆ ಕುಂಕುಮ ಹಚ್ಚಬೇಡಿ ಅಂಕಲ್ ಎನ್ನುತ್ತಾರೆ. ಬೊಟ್ಟು ಸ್ಟ್ಯಾಂಡಿಗೆ ಹೋಗಿದೆ.

ಹಳೆಯದೆಲ್ಲ ಚಿನ್ನ ಎಂದು ನಾನು ಹೇಳಲಾರೆ. ಆ ಕಾಲದ ಎಷ್ಟೋ ಕಂಟ್ರೋಲುಗಳಲ್ಲಿ ಪ್ಯಾರಾಮೀಟರು ಉಳಿಯುತ್ತಿದ್ದದ್ದು ಬ್ಯಾಟರಿಯ ಬಲದ ಮೇಲೆ. ಬ್ಯಾಟರಿಯನ್ನು ಪವರ್ ಇರುವಾಗಲೇ ಬದಲಿಸಬೇಕು. ಆರಿಸಿ ಬದಲಿಸಿದರೆ, ಇಲ್ಲವೇ ದಸರಾ ರಜೆಯಲ್ಲಿ ಅದು ಸತ್ತರೆ, ಮಷೀನಿಗೆ ತಾನು ಯಾರೆಂಬುದೇ ಮರೆತುಹೋಗುತ್ತಿತ್ತು. ಆಗ ಬಾಗಿಲಿನ ಪಟ್ಟಿ ನೋಡಿಕೊಂಡು ಒಂದೊಂದೇ ಸಂಖ್ಯೆ ತುಂಬಬೇಕು. ಕಾರ್ಡ್ ಸುಟ್ಟರಂತೂ ಮುಗಿಯಿತು. ಬದಲಿ ಕಾರ್ಡಿಗೆ ವಾರಗಟ್ಟಲೆ ಕಾಯಬೇಕು, ಅಲ್ಲಿಯವರೆಗೆ ಮಷೀನಿನ ಮೇಲೆ ಪ್ಲಾಸ್ಟಿಕ್ ಹೊದಿಕೆ, ಓನರಿನ ಮುಖದಲ್ಲಿ ಬ್ಯಾಂಕಿನ ಕಂತು. ಕಂಟ್ರೋಲಿನ ಒಳಗೆ ಏನಿದೆ ಎಂದು ಮಾಡಿದವನು ಹೇಳುತ್ತಿರಲಿಲ್ಲ, ಕೇಳುವ ಹಕ್ಕು ಇದೆಯೆಂದು ನಮಗೂ ಅನ್ನಿಸುತ್ತಿರಲಿಲ್ಲ. ಆ ಕಾರ್ಡುಗಳ ತಯಾರಿಕೆಯೇ ನಿಂತ ಮೇಲೆ ಎಷ್ಟು ಒಳ್ಳೆಯ ಮಷೀನುಗಳು ಗುಜರಿಗೆ ಹೋದವು! ಬ್ಲೂ ಹಚ್ಚಿ, ಸ್ಪಾಟ್ ನೋಡಿ, ಕೈಯಲ್ಲಿ ಸ್ಕ್ರೇಪ್ ಮಾಡಿದ ಸ್ಲೈಡುಗಳು. ಹಿಂದೆ ಎರಕ ಹೊಯ್ದ ಮೇಲೆ ಬೆಡ್ಡನ್ನು ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಟ್ಟು, ಒಳಗಿನ ಬಿಗುವೆಲ್ಲ ಇಳಿದ ಮೇಲೆಯೇ ಕಡಿಯಲು ತೆಗೆದುಕೊಳ್ಳುವ ರೂಢಿ ಇತ್ತೆಂದು ಅಪ್ಪ ಹೇಳುತ್ತಿದ್ದರು. ಅಂಥ ಕಬ್ಬಿಣ ಒಂದು ಸುಟ್ಟ ಕಾರ್ಡಿನ ದೆಸೆಯಿಂದ ಕೆ.ಜಿ. ಲೆಕ್ಕಕ್ಕೆ ಹೋಗುವುದನ್ನು ನೋಡಲು ಸಂಕಟವಾಗುತ್ತಿತ್ತು.

ಹಾಗಾಗಿ ನಮ್ಮ ಓನರ ಮಗ ಇಂಜಿನಿಯರಿಂಗ್ ಮುಗಿಸಿ ಬಂದು, ಅಂಕಲ್, ಈ ಹಳೇ ಮಷೀನು ಮಾರೋದು ಬೇಡ, ನಾವೇ ಎಬ್ಬಿಸೋಣ ಎಂದಾಗ ಎಲ್ಲರಿಗಿಂತ ಹೆಚ್ಚು ಸಂತೋಷವಾದದ್ದು ನನಗೆ. ಅವನೂ ಅವನ ಇಬ್ಬರು ಗೆಳೆಯರೂ ರಾತ್ರಿಯೆಲ್ಲ ಕೂತು ಕೆಲಸ ಮಾಡಿದರು. ಮೋಟರು, ಡ್ರೈವು ಹಳೆಯವೇ. ಅವಕ್ಕೆ ಬೇಕಾದ ಹತ್ತು ವೋಲ್ಟಿನ ಅನಲಾಗ್ ಸಿಗ್ನಲ್ಲನ್ನು ಮೆಸಾ ಎಂಬ ಕಂಪನಿಯ ಹೊಸ ಕಾರ್ಡು ಕೊಡುತ್ತದೆ. ಕಂಪ್ಯೂಟರು ಸಾಮಾನ್ಯವಾಗಿ ಮಿಲಿಸೆಕೆಂಡಿಗೊಮ್ಮೆ ಎನ್‌ಕೋಡರ್ ನೋಡಿ, ಟೇಬಲ್ಲು ಇರಬೇಕಾದ ಜಾಗದಲ್ಲಿದೆಯೇ ಎಂದು ಲೆಕ್ಕ ಮಾಡುತ್ತದೆ. ಹಿಂದೆ ಬಿದ್ದರೆ ಫಾಲೋಯಿಂಗ್ ಎರರ್ ಎಂದು ನಿಲ್ಲಿಸುತ್ತದೆ. ಈ ಸಾಫ್ಟ್‌ವೇರಿನ ಹುಟ್ಟು ಕೂಡ ಚೆನ್ನಾಗಿದೆ. ಅಮೆರಿಕದ ಸರ್ಕಾರಿ ಅಳತೆ ಸಂಸ್ಥೆಯಾದ ಎನ್‌ಐಎಸ್‌ಟಿ 1990ರ ದಶಕದಲ್ಲಿ ಇಎಂಸಿ ಎಂಬ ಹೆಸರಿನಲ್ಲಿ ಬರೆಸಿ, 1995ರಲ್ಲಿ ಜನರಲ್ ಮೋಟರ್ಸ್‌ನ ಒಂದು ಕಾರ್ಖಾನೆಯ ಹಳೆಯ ಕಿಯರ್ನಿ ಅಂಡ್ ಟ್ರೆಕರ್ ಮಷೀನಿಗೆ ಹಾಕಿ ಪರೀಕ್ಷೆ ಮಾಡಿತು. ಸರ್ಕಾರದ ದುಡ್ಡಿನ ಕೆಲಸವೆಂದು ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಅಕ್ಷರಗಳ ಒಂದು ಕಂಪನಿ ಇದ್ದದ್ದರಿಂದ 2011ರಲ್ಲಿ ಹೆಸರು ಲಿನಕ್ಸ್‌ಸಿಎನ್‌ಸಿ ಆಯಿತು. ನಮ್ಮ ಹಳೆಯ ಪ್ರೋಗ್ರಾಮುಗಳು ಹೆಚ್ಚುಕಡಿಮೆ ಹಾಗೇ ಓಡಿದವು. ಜಿ ಸೊನ್ನೆ ಒಂದು ಎಂದರೆ ಅಪ್ಪನ ಟೇಪಿನಲ್ಲಿ ಏನಾಗುತ್ತಿತ್ತೋ ಇಲ್ಲಿಯೂ ಅದೇ, ನೇರ ಗೆರೆ. ಮೊದಲ ಪೀಸು ಬಂದ ದಿನ ಹುಡುಗರು ಕುಣಿದರು. ನಾನೂ ಮೈಸೂರು ಪಾಕ್ ತರಿಸಿದೆ.

ಆ ಸಂಭ್ರಮದಲ್ಲಿ ಹಳೆಯ ಕ್ಯಾಬಿನೆಟ್ಟು ಟೆಂಪೋ ಹತ್ತಿತು. ಬಾಗಿಲೂ ಅದರ ಕಿಸೆಯಲ್ಲಿದ್ದ ಡ್ರಾಯಿಂಗೂ ಅದರ ಜೊತೆಗೇ. ಮರುದಿನ ಅಂಗಡಿಗೆ ಹೋಗಿ ಕೇಳಿದರೆ, ತಗಡು ಬೇರೆ, ತಾಮ್ರ ಬೇರೆ, ಕಾಗದ ಬೇರೆ ಮಾಡಿ ಆಗಲೇ ಕಳಿಸಿಯಾಗಿತ್ತು. ಹುಡುಗರನ್ನು ಬೈಯುವುದು ಹೇಗೆ? ಅವರ ಪಾಲಿಗೆ ಅದು ಬರೀ ಹಳೆಯ ವೈರಿಂಗಿನ ನಕ್ಷೆ, ಆ ವೈರಿಂಗೇ ಈಗ ಇಲ್ಲ.

ಮಷೀನು ಬೇಸಿಗೆಯಿಡೀ ಚೆನ್ನಾಗಿ ನಡೆಯಿತು. ಡಿಸೆಂಬರ್ ಬಂತು. ಮೊದಲ ಶಿಫ್ಟಿನಲ್ಲಿ, ಶೆಡ್ಡಿನ ತಗಡು ಇನ್ನೂ ತಣ್ಣಗಿರುವಾಗ, ಟೂಲ್ ಬದಲಾಯಿಸುವ ತೋಳು ಅರ್ಧಕ್ಕೇ ನಿಲ್ಲತೊಡಗಿತು. ಒಂಬತ್ತು ಗಂಟೆಯ ಮೇಲೆ ಏನೂ ತೊಂದರೆಯಿಲ್ಲ. ಹುಡುಗರು ಸೆನ್ಸರ್ ಬದಲಿಸಿದರು, ಕೇಬಲ್ಲಿಗೆ ಕವಚ ಹಾಕಿದರು, ಗ್ರೌಂಡಿಂಗ್ ಸರಿಯಿಲ್ಲ ಎಂದರು, ನಡುರಾತ್ರಿ ಯಾವ ಯಾವುದೋ ದೇಶದವರನ್ನು ಕೇಳಿದರು. ಕಾರಣ ಬೇರೆಯೇ ಇತ್ತು. ತಣ್ಣಗಿರುವ ಹೈಡ್ರಾಲಿಕ್ ಎಣ್ಣೆ ಮಂದ. ಸಿಲಿಂಡರು ತುದಿ ಮುಟ್ಟುವುದು ತಡ. ಮುಂದಿನ ಹೆಜ್ಜೆಗೆ ಸ್ವಲ್ಪ ಹೆಚ್ಚು ಸಮಯ ಕೊಡಬೇಕು, ಅಷ್ಟೆ. ಕೊನೆಗೆ ಅವರೇ ಅದನ್ನು ಕಂಡುಹಿಡಿದು, ಹೊಸ ಸಾಫ್ಟ್‌ವೇರಿನ ಕ್ಲಾಸಿಕ್ ಲ್ಯಾಡರ್ ಎಂಬ ಭಾಗದಲ್ಲಿ ಟೈಮರ್ ಹೆಚ್ಚಿಸಿದರು. ಬುದ್ಧಿವಂತ ಹುಡುಗರು, ಒಪ್ಪಬೇಕು. ಆದರೆ ಇದೇ ಡಿಸೆಂಬರು, ಇದೇ ತೋಳು, ಇದೇ ಎಣ್ಣೆಯ ಕಥೆಯನ್ನು ಮೇಷ್ಟ್ರು ಇವರಲ್ಲಿ ಒಬ್ಬನೂ ಹುಟ್ಟುವ ಮೊದಲೇ ಡ್ರಾಯಿಂಗಿನ ಅಂಚಿನಲ್ಲಿ ಬರೆದಿದ್ದರು. ಪಂಪಿನ ಚಿತ್ರದ ಪಕ್ಕ ‘ಚಳಿಗೆ ಟೈಮರ್ ಜಾಸ್ತಿ ಮಾಡು’ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ಟೂಲ್ ಬದಲಾವಣೆಯ ಭಾಗದಲ್ಲಿ ನನಗೆ ಕೆಲಸವಿರಲಿಲ್ಲವಾದ್ದರಿಂದ ಆ ಸಾಲು ನನ್ನ ನೆನಪಿಗೆ ಬಂದದ್ದೇ ಹುಡುಗರು ಟೈಮರ್ ಎಂಬ ಮಾತಾಡಿದಾಗ. ಮೇಷ್ಟ್ರು ಆ ಹೊತ್ತಿಗೆ ತೀರಿಕೊಂಡು ವರ್ಷಗಳಾಗಿದ್ದವು.

ನನಗೆ ನೋವಾದದ್ದು ಮೂರು ವಾರ ಮಷೀನು ತಡವಾಗಿ ಶುರುವಾಯಿತೆಂದಲ್ಲ. ಒಂದೇ ಮಷೀನನ್ನು ಒಬ್ಬ ಮನುಷ್ಯ ಆಯುಷ್ಯವಿಡೀ ನೋಡಿಕೊಂಡು, ಅದರ ಚಳಿ, ಅದರ ಸವೆತ, ಅದರ ಹಟ ಎಲ್ಲವನ್ನೂ ಮುಂದೆ ಬರುವವನಿಗಾಗಿ ಬರೆದಿಟ್ಟಿದ್ದ. ಮುಂದೆ ಬಂದವನು ಓದಲಿಲ್ಲ. ಕಬ್ಬಿಣಕ್ಕೆ ಹೊಸ ಸಾಫ್ಟ್‌ವೇರ್ ಹಾಕಬಹುದು, ಆ ಓದು ಹಾಗೆ ಡೌನ್‌ಲೋಡ್ ಆಗುವುದಿಲ್ಲ.

ತಮಾಷೆಯೆಂದರೆ, ಬರೆಯಲು ಜಾಗ ಈಗಲೇ ಹೆಚ್ಚಿದೆ. ಮೇಷ್ಟ್ರಿಗೆ ಸಿಕ್ಕಿದ್ದು ಡ್ರಾಯಿಂಗಿನ ಬೆರಳಗಲದ ಅಂಚು. ಲಿನಕ್ಸ್‌ಸಿಎನ್‌ಸಿಯ ಹ್ಯಾಲ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಸಾಲಿನ ಮೊದಲಿಗೆ ಒಂದು ಚೌಕುಳಿ ಗುರುತು ಹಾಕಿದರೆ ಸಾಕು, ಮಷೀನು ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತದೆ. ಅಲ್ಲಿ ಎಷ್ಟು ಬೇಕಾದರೂ ಬರೆಯಬಹುದು. ನಾನು ಹುಡುಗರ ಪಕ್ಕ ಕೂತು ಆ ಫೈಲುಗಳನ್ನು ತೆರೆಸಿ ನೋಡಿದೆ. ಪುಟಗಟ್ಟಲೆ ಸಂಖ್ಯೆಗಳು, ಎಲ್ಲ ಸರಿಯಾಗಿಯೇ ಇವೆ. ಯಾಕೆ ಎಂದು ಒಂದು ಸಾಲೂ ಇಲ್ಲ. ಟೈಮರಿನ ಹೊಸ ಸಂಖ್ಯೆ ಲ್ಯಾಡರಿನಲ್ಲಿದೆ, ಚಳಿಯ ಮಾತು ಎಲ್ಲೂ ಇಲ್ಲ. ನಾಳೆ ಇನ್ನೊಬ್ಬ ಬಂದು ಟೂಲ್ ಬದಲಾವಣೆ ನಿಧಾನವಾಯಿತೆಂದು ಅದನ್ನು ಮೊದಲಿನಂತೆ ಇಳಿಸುತ್ತಾನೆ, ಮತ್ತೆ ಡಿಸೆಂಬರ್ ಬರುತ್ತದೆ.

ಬರೆಯಪ್ಪಾ, ಎರಡು ಸಾಲು ಸಾಕು, ಕನ್ನಡದಲ್ಲೇ ಬರಿ ಎಂದು ಓನರ ಮಗನಿಗೆ ಹೇಳಿದೆ. ‘ಆಯ್ತು ಅಂಕಲ್, ಈ ಡೆಲಿವರಿ ಮುಗೀಲಿ’ ಎಂದ. ಡೆಲಿವರಿ ಮುಗಿಯಿತು, ಇನ್ನೊಂದು ಬಂತು. ಆದ್ದರಿಂದ ನಾನೇ ಅಂಗಡಿಯಿಂದ ದಪ್ಪ ರಟ್ಟಿನ ಒಂದು ಉದ್ದ ನೋಟ್‌ಬುಕ್ಕು ತಂದು, ಟೈಮರಿನಿಂದಲೇ ಶುರುಮಾಡಿ ಬರೆಯುತ್ತಿದ್ದೇನೆ. ಕಂಪ್ಯೂಟರಿನ ಸ್ಟ್ಯಾಂಡಿಗೆ ತೂತು ಕೊರೆದು ಸುತಳಿ ದಾರದಲ್ಲಿ ಅದನ್ನು ಕಟ್ಟಿದ್ದೇನೆ. ಸ್ಟ್ಯಾಂಡಿನ ಅಂದ ಕೆಡುತ್ತದೆ ಎಂದು ಹುಡುಗರು ಎರಡು ಸಲ ಬಿಚ್ಚಿಟ್ಟರು, ನಾನು ಎರಡು ಸಲವೂ ಮತ್ತೆ ಕಟ್ಟಿದೆ.